ಙ, ಞ ಖಾನೆ

ಮುದ್ರಣಾಲಯ ಮುಚ್ಚಿದ ವರ್ಷ
ಮೊಳೆಗಳೆಲ್ಲ ಕಿಲೋ ಲೆಕ್ಕದಲ್ಲಿ ಹೋದವು:
ಕನ್ನಡ ಒಂದು ಚೀಲ, ಬಾಳಬೋಧ ಎರಡು, ತೆಲುಗು ಅರ್ಧ.
ಮಂಗಳವಾರ ಪೇಟೆಯ ಶಕೂರ ಬಾಗವಾನನ ತಕ್ಕಡಿಗೆ
ಭಾಷೆ ಗೊತ್ತಿಲ್ಲ, ಸೀಸ ಗೊತ್ತು.

ಮೂವತ್ತೊಂದು ವರ್ಷ ಸೋಲಾಪುರದ ಲಗ್ನಪತ್ರಿಕೆ ಜೋಡಿಸಿದ ಬೆರಳು
ಸುಮ್ಮನಿರದೆ ಅವನ ಚೀಲಗಳಲ್ಲಿ ಆಡಿತು.
ಸಿಕ್ಕಿದ್ದು ಅಕ್ಷರವಲ್ಲ, ಗಾಲಿ ಇತ್ತು.
ಹೆಬ್ಬೆರಳಿನಷ್ಟು ಮೋಟಾರು,
ಒಂದು ಕಾಲಕ್ಕೆ ಹಸಿರಿದ್ದಿರಬೇಕು,
ಹೊಟ್ಟೆಯಡಿ ಉಬ್ಬಿದ ಇಂಗ್ಲಿಷು: ಶಿಕಾಗೋ, ಯು.ಎಸ್.ಎ.
ತಿರುಗುಮುರುಗು ಓದಿಯೇ ಹೊಟ್ಟೆ ಹೊರೆದವ ನಾನು.
ಲೋಹದ ಮೇಲೆ ನೆಟ್ಟಗೆ ನಿಂತ ಅಕ್ಷರ ಓದಲು
ತುಸು ಹೊತ್ತು ಬೇಕಾಯಿತು.

"ಅದು ಸೀಸಲ್ರೀ, ಸತುವು. ತೂಕಕ್ಕ ಏನೂ ಬರಂಗಿಲ್ಲ.
ಆರು ರೂಪಾಯಿ ಕೊಟ್ಟು ಒಯ್ಯಿರಿ."

ಅಲ್ಲಿಂದ ಸುರು.
ಹೊಟಗಿಯ ಖಾನಾವಳಿ ಗಲ್ಲೆಯ ಮೇಲೆ
ಬಿಲ್ಲು ಹಾರದಂತೆ ಕೂತಿದ್ದ ಹಾಲಿನ ಟ್ಯಾಂಕರು,
ಏಣಿ ಕಳಕೊಂಡ ಬೆಂಕಿ ಬಂಡಿ,
ನನ್ನ ಹಿತ್ತಾಳೆ ಸ್ಟಿಕ್ಕು ಕೊಟ್ಟು ಪಡೆದ ಮೂರು ಲಾರಿ.
ಮಾರದೆ ಉಳಿಸಿಕೊಂಡದ್ದು ಸಾಗವಾನಿ ಕೇಸೊಂದೇ. ಅಲ್ಲೀಗ
ಲಾರಿಗಳು 'ದ' ಖಾನೆಯಲ್ಲಿ, ಟ್ಯಾಂಕರು 'ಳ'ದಲ್ಲಿ,
ಒತ್ತಕ್ಷರದ ಸಣ್ಣ ಮನೆಗಳಲ್ಲಿ
ಕಳಚಿದ ಗಾಲಿ, ಕಪ್ಪಾದ ಬಿಳಿ ರಬ್ಬರು.
"ಆಡೂದಲ್ಲ, ಮಾರೂದಲ್ಲ, ಪೂಜಿನೂ ಅಲ್ಲ,"
ಧೂಳು ಹೊಡೆಯುತ್ತ ಗುರಬಸವ್ವ,
"ಮತ್ತೇನ್ರಿ ಇದು?"

ಎಂಜಿನ್ನು ಮಾತ್ರ ಗುಜರಿಯದಲ್ಲ.
ಮಿಷನ್ ಶಾಲೆಯ ಸಾಳವೆ ಬಾಯಿ ಸೆರಗಿನಲ್ಲಿ ಸುತ್ತಿ ತಂದರು.
ಹಡಗಿನಲ್ಲಿ ಬರುತ್ತಿದ್ದ ನಾತಾಳಿನ ಪೆಟ್ಟಿಗೆಯಲ್ಲಿ ಅವರ ಪಾಲಿಗೆ ಬಂದದ್ದು.
"ತಮ್ಮ ಕಸಗೋತಾನಂತ ಜ್ವಾಳದ ಕಣಜದಾಗ ಮುಚ್ಚಿಟ್ಟೆ.
ಹುಡುಕಿ ಹುಡುಕಿ ಅವ ದೊಡ್ಡವನಾಗಿಬಿಟ್ಟ.
ರೊಕ್ಕ ಬ್ಯಾಡ. ಆಗಾಗ ಓಡಸ್ರಿ."

ಒಂದು ಗೀರಿಲ್ಲ. ಯಾರೂ ಆಡದ ಕಪ್ಪು, ಹಾಗೇ ಮಿರಿಮಿರಿ.
ಹೊಗೆಗೊಳವೆಯ ಬುಡದಲ್ಲಿ ಮಾತ್ರ
ಕೂದಲಿಗಿಂತ ಸಣ್ಣ ಬಿರುಕು.
ದೀಪಾವಳಿಗೆ ಎಮ್ ಪಟ್ಟಿ ಇಟ್ಟು ಅಳೆದೆ: ಸರಿಯಾಗಿ ಇಪ್ಪತ್ತೆರಡು.
ಯುಗಾದಿಗೆ ಅಳೆದರೆ ಒಂದು ಪಾಯಿಂಟು ಜಾಸ್ತಿ.

ಗೊತ್ತಿತ್ತು ನನಗೆ. ಎರಕದ ದಿನ ಸತುವಿನ ಬಾಣಲೆಗೆ
ಸೀಸದ ಚೂರು ಬಿದ್ದರೆ ಸಾಕು;
ಸಾವಕಾಶ, ಎಪ್ಪತ್ತು ಎಂಬತ್ತು ವರ್ಷ ತೆಗೆದುಕೊಂಡು,
ಒಳಗೊಳಗೇ ಹಿಗ್ಗಿ ಬಿರಿಯುತ್ತದೆ.
ಮದ್ದಿಲ್ಲ. ಎಣ್ಣೆ ಸವರುವವರಿದ್ದಾರೆ, ಅದು ಸಮಾಧಾನಕ್ಕೆ.
ಕನ್ನಡಿಯಲ್ಲಿ ತುಟಿ ಎತ್ತಿ ನೋಡಿಕೊಂಡೆ:
ವಸಡಿನಂಚಿಗೆ ಪ್ರೆಸ್ಸಿನವರಿಗೆಲ್ಲ ಇರುತ್ತಿದ್ದ ಆ ನೀಲಿ ಗೆರೆ.
ನನ್ನ ಸೀಸವೇ, ಅಲ್ಲೂ ನೀನೇನಾ?

ಪಕ್ಕದ ಮಗ್ಗದ ಮನೆಯ ಅಂಬಾದಾಸನ ಮಗ
ಕೇಳದೆ ಕೈಗೆತ್ತಿಕೊಂಡ. ಗುರಬಸವ್ವ ನನ್ನ ಮುಖ ನೋಡಿದಳು.
"ಇರಲಿ. ಓಡಿಸು."
ಶಹಾಬಾದಿ ಹಾಸಿನ ಮೇಲೆ ಹೊಟ್ಟೆ ಹಚ್ಚಿ ಮಲಗಿ ಓಡಿಸಿದ,
ಬಾಯಲ್ಲಿ ಝುಕುಝುಕು ಅಲ್ಲ, ಖಟ್‌ಪಟ್ ಖಟ್‌ಪಟ್.
ಅವನಿಗೆ ಗೊತ್ತಿದ್ದ ಯಂತ್ರ ಮಗ್ಗವೊಂದೇ.
ಹಾಸಿನ ಸಂದಿನಲ್ಲಿ ಚಿಟಿಕೆ ಬೂದಿ ಬಿಟ್ಟು
ಎಂಜಿನ್ನು ಹೊಸ್ತಿಲ ತನಕ ಹೋಯಿತು.

ಈ ಸಲ ಅದು ತನ್ನ ಖಾನೆಯಲ್ಲಿ ಕೂರಲಿಲ್ಲ.
ಅರ ಹಾಕಿ ಮೂತಿ ತುಸು ಸವರಬಹುದಿತ್ತು.
ಅರ ಕೈಯಲ್ಲೇ ಇತ್ತು.
ಬದಲಿಗೆ ಕೇಸಿನ ಮೂಲೆಯಲ್ಲಿ ಙ, ಞ ಖಾನೆ ಹುಡುಕಿದೆ.
ಮೂವತ್ತೊಂದು ವರ್ಷದಲ್ಲಿ ಒಂದು ಲಗ್ನವೂ ಬೇಡದ ಅಕ್ಷರಗಳು;
ಬಂದ ದಿನದ ಹೊಳಪಿನಲ್ಲೇ ಶಕೂರನ ತಕ್ಕಡಿ ಏರಿದ್ದವು.
ನಡುವಿನ ಪಟ್ಟಿ ಕಿತ್ತೆ. ಒಣಗಿದ ಸರೇಸು, ಸಲೀಸಾಗಿ ಬಂತು.

ಎಂಜಿನ್ನು ಈಗ ಅಲ್ಲಿದೆ,
ಮುಂದೆ ಒಂದು ಬೆರಳು ಜಾಗ ಬಿಟ್ಟು.