ಕಪ್ಪಿದ್ದರೆ ಒಳ್ಳೆಯದು

ಬೆಳಿಗ್ಗೆ ಒಂಬತ್ತರಿಂದ ಬೆಂಚಿನ ಮೇಲೆ ಕೂತು
ಒಂದೂವರೆ ಲೀಟರು ಕುಡಿದಿದ್ದಾಳೆ ಕೆಂಪಾಜಮ್ಮ.
ತುಂಬಿದ ಮೂತ್ರಕೋಶವೇ ನಮಗೆ ಕಿಟಕಿ;
ಅದರಾಚೆ ಕಾಣಬೇಕು ಗರ್ಭಕೋಶ, ಅದರ ಎಡಬಲ.
"ಇನ್ನೂ ಎಷ್ಟೊತ್ತವ್ವ, ನಾಲೆ ಏರಿ ಒಡೆಯೋ ಹಂಗದೆ"
ಎಂದಾಗ ಯಶೋದ ನಕ್ಕು ಒಳಗೆ ಬಿಟ್ಟಳು.

ಮಂಡ್ಯದ ಬಸ್ ಸ್ಟ್ಯಾಂಡ್ ಹಿಂದಿನ ಮಿಲ್ಟ್ರಿ ಹೋಟೆಲಲ್ಲಿ
ದಿನಕ್ಕೆ ಮುನ್ನೂರು ಮುದ್ದೆ ಕಟ್ಟುವ ಕೈ.
ವಯಸ್ಸು ಐವತ್ತೆರಡು ಎನ್ನುತ್ತದೆ ಚೀಟಿ.
ಆರು ತಿಂಗಳಿಂದ ಹೊಟ್ಟೆ ಏರುತ್ತಿದೆ,
ಸೀರೆಯ ನೆರಿಗೆ ಒಂದೊಂದೇ ಕಮ್ಮಿಯಾಗಿ
ಈಗ ಮೂರಕ್ಕೆ ನಿಂತಿದೆ.
ಗಂಡ ಸತ್ತು ಎಂಟು ವರ್ಷ. ಬೀದಿಯವರು
ನಲ್ಲಿ ಹತ್ತಿರ ತಿಂಗಳು ಎಣಿಸುತ್ತಾರಂತೆ.
"ಬಸ್ರು ಅಂತಾರವ್ವ. ನಗಲೋ ಅಳಲೋ ನೀನೇ ಏಳು."

ಗೋಡೆಯಲ್ಲಿ ಹಸಿರು ಅಕ್ಷರದ ಬೋರ್ಡು:
ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ.
ಅದಕ್ಕೇ ಪರದೆ ನನ್ನ ಕಡೆಗೆ. ಹನ್ನೊಂದು ವರ್ಷ
ಮಲಗಿದವರ ಕಣ್ಣಿಗೆ ಅದರ ಬೆನ್ನನ್ನೇ ತೋರಿಸಿದ್ದೇನೆ,
ಧೂಳು, ವೈರು, ಅರ್ಧ ಹರಿದ ನಂಬರು ಚೀಟಿ.

ಜೆಲ್ ಹಚ್ಚಿದೆ. "ಅಯ್ಯೋ, ಐಸು!"
ಹೊಟ್ಟೆಯ ಮೇಲೊಂದು ಹಳೆ ಸುಟ್ಟ ಕಲೆ,
ಎಸರು ಉಕ್ಕಿದ್ದಿರಬೇಕು.
ಕಿವಿಗೆ ಕೇಳದ ಸದ್ದು ಒಳಗಿಳಿದು
ತಡೆದಲ್ಲಿ ತಿರುಗಿ ಬರುತ್ತದೆ, ಬಾವಿಗೆ ಬಗ್ಗಿ ಕೂಗಿದ ಹೆಸರಿನ ಹಾಗೆ.
ಗಟ್ಟಿಯಿದ್ದಲ್ಲಿ ಬೆಳ್ಳಗೆ.
ನೀರಿದ್ದಲ್ಲಿ ಏನೂ ಹೇಳದೆ ಹಾದುಹೋಗುತ್ತದೆ, ಕಪ್ಪು.
ಈ ಕೋಣೆಯಲ್ಲಿ ಕಪ್ಪಿದ್ದರೆ ಒಳ್ಳೆಯದು.
ಹೊರಗೆ ಈ ಮಾತು ಯಾರಿಗೂ ಅರ್ಥವಾಗದು,
ಹೆಣ್ಣು ನೋಡಲು ಬಂದವರಿಗಂತೂ.

ಕಿಟಕಿಯಾಚೆ ಮತ್ತೊಂದು ಕೆರೆ.
ಅಥವಾ ಎರಡೂ ಒಂದೇ ಕೆರೆಯೋ?
ಹೊಸದರಲ್ಲಿ ನಾನು ತುಂಬಿದ ಮೂತ್ರಕೋಶವನ್ನೇ ಗೆಡ್ಡೆಯೆಂದು ಬರೆದು
ಸರ್ಜನ್ ಹತ್ತಿರ ಬೈಸಿಕೊಂಡದ್ದುಂಟು.
"ಎದ್ದು ಒಂದಕ್ಕೆ ಹೋಗಿ ಬಾ." ಓಡಿದಳು. ಬಂದಳು.
ಒಂದು ಕೆರೆ ಬತ್ತಿತ್ತು. ಇನ್ನೊಂದು ಹಾಗೇ ಇತ್ತು.

ಬಲ ಅಂಡಾಶಯ. ಹದಿನೇಳು, ಹದಿನಾಲ್ಕು, ಹನ್ನೆರಡು ಸೆಂಟಿಮೀಟರು.
ಒಳಗೆ ಒಂದೇ ಗೋಡೆ, ಈರುಳ್ಳಿಯ ಒಳಪೊರೆಯಷ್ಟು ತೆಳು.
ಗಂಟಿದೆಯೇ ಅದರಲ್ಲಿ? ಒತ್ತಿದೆ, ಓರೆ ಹಿಡಿದೆ, ಉಸಿರು ಕಟ್ಟಿಸಿದೆ.
ಬಣ್ಣ ಹಾಕಿದೆ. ಕೆಂಪೆಂದರೆ ಇಲ್ಲಿ ಅಪಾಯವಲ್ಲ,
ನನ್ನ ಕಡೆ ಬರುವ ರಕ್ತ ಅಷ್ಟೆ; ನೀಲಿ, ದೂರ ಹೋಗುವುದು.
ಅಂಚಿನಲ್ಲಿ ಎರಡು ಚುಕ್ಕಿ ಮಿನುಗಿ ಆರಿದವು.
ಲಿವರ್ ನುಣುಪು. ಬಲದ ಕಿಡ್ನಿ ಮಾತ್ರ
ಒತ್ತಡಕ್ಕೆ ತುಸು ಊದಿದೆ.

"ಗೆಡ್ಡೆಯಾ?"
ಆ ಮಾತನ್ನು ಅವಳೇ ಆಡಿದಳು.
ಗೆಡ್ಡೆ ಎಂದರೆ ನಮ್ಮಲ್ಲಿ ಅರ್ಧ ಊಟ, ಅರ್ಧ ಭಯ.
"ನೀರಿನ ಚೀಲದ ಥರ. ಕೆಟ್ಟದ್ದರ ಗುರುತು ಕಾಣ್ತಿಲ್ಲ.
ಆದ್ರೂ ತೆಗೀಬೇಕು. ತೆಗೆದು ಪರೀಕ್ಷೆ ಮಾಡಿದ ಮೇಲೇ ಖಾತ್ರಿ."
"ಎಷ್ಟ್ ದಪ್ಪ ಅದೆ? ಒಂದ್ ಮುದ್ದೆ?"
ಮನಸ್ಸಿನಲ್ಲೇ ಜೋಡಿಸಿದೆ. "ಆರು."
"ಆರ್ ಜನರ ಊಟ ಹೊತ್ಕಂಡ್ ತಿರುಗ್ತಿವ್ನಿ ಅನ್ನು."

ಆಮೇಲೆ ಮೆಲ್ಲಗೆ, ಫ್ಯಾನಿಗೆ ಹೇಳಿದ ಹಾಗೆ:
"ಈ ಮಿಷನ್ನ ಒಂದ್ಸಲಿ ಕಂಡಿವ್ನಿ. ಇಪ್ಪತ್ತಾರು ವರ್ಸ ಆಯ್ತು.
ಕತ್ಲೆ ರೂಮು. ನಂಗ್ ತೋರ್ಸ್ನಿಲ್ಲ.
ನಮ್ಮತ್ತೆಗ್ ತೋರ್ಸುದ್ರು."

ನಾನು ಮುಂದೆ ಕೇಳಲಿಲ್ಲ.
ಗಾಲಿಯ ಬ್ರೇಕು ತೆಗೆದು, ಬಿಗಿದುಹೋದ ಕತ್ತನ್ನು
ಕಿರ್ರೆನಿಸಿ ಪರದೆ ಅವಳ ಕಡೆ ತಿರುಗಿಸಿದೆ.

ಮೊಣಕೈ ಊರಿ ನೋಡಿದಳು ಕೆಂಪಾಜಮ್ಮ.
ನೋಡಿದಳು.
ಬೂದಿ ಚೆಲ್ಲಿದಂಥ ಚುಕ್ಕಿಗಳ ನಡುವೆ ನಿಂತ ಕಪ್ಪು.
"ಇದ್ರಲ್ ಯಾರೂ ಇಲ್ಲ."
"ಇಲ್ಲ."
ಜೆಲ್ ಮೆತ್ತಿದ ಬೆರಳಲ್ಲಿ, ಗಾಜಿನ ಮೇಲೆ,
ಒದ್ದೆ ಕೈಯಲ್ಲಿ ಮುದ್ದೆ ಉರುಳಿಸುವ ಹಾಗೆ
ಆ ಕಪ್ಪಿಗೊಂದು ಸುತ್ತು ಹಾಕಿದಳು.

ವರದಿ ಟೈಪಿಸಿದೆ: ರಕ್ತಪರೀಕ್ಷೆ, ಮೈಸೂರಲ್ಲಿ ಎಂಆರ್‌ಐ,
ರೋಗಲಕ್ಷಣಗಳೊಂದಿಗೆ ತಾಳೆ ನೋಡುವುದು.
ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲಲ್ಲೇ ನಿಂತಳು:
"ಬಸ್ರಲ್ಲ ಅಂತ ದಪ್ಪ ಅಕ್ಸರದಲ್ ಬರಿಯವ್ವ.
ನಲ್ಲಿತಾವ ಓದುಸ್ಬೇಕು."

ಅದಕ್ಕೆ ಫಾರಮ್ಮಿನಲ್ಲಿ ಕಾಲಂ ಇರಲಿಲ್ಲ.
ಸಹಿಯ ಕೆಳಗೆ ಪೆನ್ನಿನಲ್ಲಿ, ಕನ್ನಡದಲ್ಲಿ ಬರೆದೆ.
ಯಶೋದ ಕೇಳದೆಯೇ ಸೀಲು ಒತ್ತಿದಳು.