ಯಾರ ಮನೆಯ ತಪ್ಪಲೆ

ಶ್ರೀರಾಂಪುರದ ವಠಾರದಲ್ಲಿ ಒಂಬತ್ತು ಮನೆ, ನಡುವೆ ಎಂಟೇ ಗೋಡೆ.
ರಾತ್ರಿ ಎಲ್ಲೋ ಪಾತ್ರೆ ಬಿದ್ದರೆ
ಅಮ್ಮ ಕಣ್ಣು ಬಿಡದೆಯೇ ಹೇಳುತ್ತಿದ್ದಳು:
"ರಾಜಮಣಿ ಮನೆ ತಪ್ಪಲೆ. ಹಿತ್ತಾಳೆ. ಅರ್ಧ ನೀರಿತ್ತು."
ಬೆಳಿಗ್ಗೆ ನಲ್ಲಿಯ ಮುಂದೆ ನೋಡಿದರೆ
ಅದೇ ತಪ್ಪಲೆ, ಹೊಸ ನೆಗ್ಗು.

ನಾನು ಆ ಕಿವಿಯ ಮಗಳು. ಆದರೆ ನನ್ನ ಕೆಲಸ ನೋಡುವುದು.
ಕೇಳುವ ಕಿವಿಗಳು ಸಮುದ್ರದಾಚೆ,
ನಾಲ್ಕು ನಾಲ್ಕು ಕಿಲೋಮೀಟರಿನ ತೋಳು ಚಾಚಿ
ನೆಲಕ್ಕೆ ಒರಗಿರುತ್ತವೆ.
ಎರಡು ಸತ್ತ ನಕ್ಷತ್ರ ಒಂದನ್ನೊಂದು ಸುತ್ತಿ ಸುತ್ತಿ
ಡಿಕ್ಕಿಯಾದರೆ ದೇಶಕಾಲವೇ ಜಗ್ಗುತ್ತದಂತೆ,
ಪ್ರೋಟಾನಿನ ಸಾವಿರದಲ್ಲೊಂದು ಪಾಲು.
ಅಷ್ಟಕ್ಕೇ ಅವು ಬೆಚ್ಚಿ ಏಳುತ್ತವೆ.

ಹೊಸಕೋಟೆ. ರಾತ್ರಿ ಒಂದು ನಲವತ್ತಮೂರು. ಫೋನು ಗುಂಯ್‌ಗುಟ್ಟಿತು.
ಏನೋ ಬಿತ್ತು, ಅಷ್ಟೇ ಸಮಾಚಾರ.
ಯಾರ ಮನೇಲಿ?
ಜೊತೆಗೊಂದು ನಕ್ಷೆ: ಆಕಾಶಕ್ಕೆ ಅಡ್ಡ ಬಾಳೆಹಣ್ಣಿನಂಥ ಬಾಗು,
ಅದರೊಳಗೆ ಎಲ್ಲೋ.
ಮೂರನೇ ಕಿವಿ ರಿಪೇರಿಯಲ್ಲಿದೆ,
ಅದಕ್ಕೇ ಹಣ್ಣು ಇಷ್ಟುದ್ದ.

ದೂರದರ್ಶಕ ಇರುವುದು ಹಾನ್ಲೆಯ ಬೆಟ್ಟದಲ್ಲಿ, ಲಡಾಖಿನ ಚಳಿಯಲ್ಲಿ.
ನಾನು ಇಲ್ಲಿ, ಸಾಕ್ಸು ಹಾಕಿದ ಕಾಲನ್ನು ಕುರ್ಚಿಯ ಮೇಲಿಟ್ಟು.
ನನ್ನ ತಲೆಯ ಮೇಲೆ ಕಿತ್ತಳೆ ಬಣ್ಣದ ಆಕಾಶ,
ಟೋಲ್‌ಗೇಟಿನ ದೀಪ, ಒಂದು ವಿಮಾನ, ಚುಕ್ಕಿ ಒಂದೂ ಇಲ್ಲ.
ಮೌಸು ಒತ್ತಿದರೆ ಎರಡು ಸಾವಿರ ಕಿಲೋಮೀಟರಿನಾಚೆ
ಗುಮ್ಮಟ ನಿದ್ದೆಗಣ್ಣಲ್ಲಿ ಕುತ್ತಿಗೆ ತಿರುಗಿಸುತ್ತದೆ.

ಚಾಚಿದ ಬೆರಳ ತುದಿಯ ಎಳ್ಳು ಮುಚ್ಚುವಷ್ಟು ಆಕಾಶ,
ಒಂದು ಸಲಕ್ಕೆ ಸಿಕ್ಕುವುದು ಅಷ್ಟೇ.
ಪಟ್ಟಿಯಲ್ಲಿ ನಲವತ್ತೊಂದು ಗೆಲಾಕ್ಸಿ.
ಒಂದೊಂದರ ಕದ ತಟ್ಟಿ, ಚಿತ್ರ ತೆಗೆದು,
ಇವತ್ತಿನದರಿಂದ ಹಳೆಯದನ್ನು ಕಳೆಯಬೇಕು.
ಇದ್ದದ್ದೆಲ್ಲ ಹೋಗಿ ಬೂದಿ ಬಯಲು ಉಳಿದರೆ
ಈ ಮನೆಯಲ್ಲ, ಮುಂದಿನದು.
ಕೆಲವು ಸಲ ಉಳಿಯುವುದು ಕ್ಯಾಮೆರಾದ ಕುರುಡು ಚುಕ್ಕಿ,
ದಾರಿಹೋಕ ಕ್ಷುದ್ರಗ್ರಹ,
ಯಾರದೋ ಉಪಗ್ರಹ ಎಳೆದುಹೋದ ಗೀರು.

ಮೂರೂವರೆಗೆ ಹೆದ್ದಾರಿಯಲ್ಲಿ ಕಾರುಗಳ ಸಾಲು.
ಬಿರಿಯಾನಿಗೆ ಬೆಂಗಳೂರೇ ಎದ್ದು ಬಂದಿದೆ,
ಸ್ವೆಟರಿನ ತೋಳೊಳಗೆ ಕೈ ಎಳೆದುಕೊಂಡು
ಹಂಡೆಯ ಮುಚ್ಚಳ ಏಳುವುದನ್ನೇ ಕಾಯುತ್ತ.
ಮುಚ್ಚಿದ ಕಿಟಕಿಯ ಸಂದಿಯಲ್ಲೂ ಮಸಾಲೆ ಬಂತು.
ವಾಸನೆಗೆ ವಿಳಾಸ ಹುಡುಕುವ ಕಷ್ಟವಿಲ್ಲ.

ಇಪ್ಪತ್ತೇಳನೆಯದರಲ್ಲಿ ಉಳಿಯಿತು.
ಮಸುಕು ಗೆಲಾಕ್ಸಿಯ ಅಂಚಿಗೆ,
ಸೆರಗಿಗೆ ಅಂಟಿದ ಅನ್ನದ ಅಗುಳಿನಂತೆ.
ಗ್ಲಾಡಿಸ್ ಕನ್ನಡಕ ತೆಗೆದಳು, ಒರೆಸಿದಳು, ಹಾಕಿಕೊಂಡಳು.
"ಇನ್ನೊಂದ್ಸಲ ತೆಗಿ."
ತೆಗೆಯುವಷ್ಟರಲ್ಲಿ ಹಾನ್ಲೆಗೆ ಮೋಡ.
ತೇವ ತೊಂಬತ್ತು ದಾಟಿ
ಗುಮ್ಮಟ ನಮ್ಮನ್ನು ಕೇಳದೆ ಕದ ಹಾಕಿಕೊಂಡಿತು.

ಒಂದೇ ಚಿತ್ರ, ಖಾತ್ರಿಯಿಲ್ಲ.
ಹಾಗಂತಲೇ ಬರೆದು ಜಗತ್ತಿಗೆ ಕಳಿಸಿದೆವು.
ಐದು ಹತ್ತಕ್ಕೆ ಉತ್ತರ, ಕತ್ತಲಿನ್ನೂ ಗಟ್ಟಿಯಾಗಿದ್ದ ಯಾವುದೋ ಬೆಟ್ಟದಿಂದ,
ತುಂಬ ಸೌಜನ್ಯದಿಂದ:
ಮೂರು ವಾರದ ಹಿಂದೆಯೂ ಇತ್ತು. ಹಳೆಯ ಸ್ಫೋಟ. ಆರುತ್ತಿದೆ.
ನಮ್ಮ ಹಳೆಯ ಚಿತ್ರ ಕಳೆದ ವರ್ಷದ್ದು.

ಇಂಥದ್ದಕ್ಕೆ ಅಮ್ಮನ ಬಳಿ ಒಂದೇ ಮಾತು:
"ನಮ್ಮ ವಠಾರದ್ದಲ್ಲ, ಮಲಕ್ಕೋ."
ಹಾಗೆಂದವಳು ತಾನು ಮಲಗುತ್ತಿರಲಿಲ್ಲ.

ಗೇಟಿನಲ್ಲಿ ಚೌಡರೆಡ್ಡಿ: "ಸಿಕ್ತಾ ಮೇಡಂ, ಚಿನ್ನ?"
ಇಂಥ ಡಿಕ್ಕಿಯಲ್ಲಿ ಚಿನ್ನ ಹುಟ್ಟುತ್ತದೆಂದು
ಒಮ್ಮೆ ಬಾಯಿತಪ್ಪಿ ಹೇಳಿದ್ದೆ, ಅಂದಿನಿಂದ ದಿನಾ ಇದೇ.
"ಇಲ್ಲ ರೆಡ್ಡಿ. ಇನ್ನೂ ಹದಿನಾಲ್ಕು ಮನೆ ಬಾಕಿ."
"ನಾಳೆ ನೋಡಿದ್ರಾಯ್ತು, ಎಲ್ಲೋಗ್ತದೆ."
ಹೋಗುತ್ತದೆ ರೆಡ್ಡಿ. ಎರಡು ಮೂರು ದಿನಕ್ಕೆ ಪೂರ್ತಿ ಆರಿಹೋಗುತ್ತದೆ.
ಹೇಳಲಿಲ್ಲ. ಅವನ ಪಾಳಿಯೂ ಮುಗಿದಿತ್ತು.

ಕ್ಯಾಬಿನ ಗಾಜಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದೆ.
ಹಿಂದೆ ಎಲ್ಲೋ ಢಣ್ ಎಂದಿತು.
ಡ್ರೈವರು ಕನ್ನಡಿಯಲ್ಲಿ ಹುಡುಕಿದ.
ಬಿರಿಯಾನಿ ಹಂಡೆ, ಎಂದೆ.
ಅಲ್ಯೂಮಿನಿಯಂ.
ತಳ ಕಂಡಿದೆ.