ಅಳತಿ ಪುಸ್ತಕ

ಗುಳೇದಗುಡ್ಡದ ನಮ್ಮ ಓಣಿಗೆ ಪುಣೆಯ ಕಾರು ಬಂತು.
ಖಣದ ಜಾಹೀರಾತಂತ,
‘ದಪ್ಪ ಮೈಯ ಚೆಲುವು’ ಅಂತ ಅದಕ್ಕ ಹೆಸರು.
ಖುಷಿಯಾತು. ಮಷಿನ್ನಿಗೆ ಎಣ್ಣಿ ಬಿಟ್ಟು ಕುಂತೆ.

ಇಳದಾಕಿಗೆ ಟೇಪು ಹಿಡದೆ.
ಎದಿ ಮೂವತ್ತೆಂಟು, ನಡ ಇಪ್ಪತ್ತೊಂಬತ್ತು.
ನನ್ನ ಪುಸ್ತಕದಾಗ ಇದು ಕಾಲೇಜು ಹುಡುಗ್ಯಾರ ಪುಟ.
‘ಸಾಲೂದಿಲ್ಲ’ ಅಂದ ಕ್ಯಾಮೆರಾದಂವ,
‘ಹಿಂದ ಎರಡು ಸ್ಪಂಜು, ಮುಂದ ಎರಡು.
ಹೊಟ್ಟಿ ಮಾತ್ರ ಬ್ಯಾಡ.
ಗದ್ದದ ಕೆಳಗ ಏನೂ ಜೋತಬೀಳಬಾರ್ದು.’

ಗಾದಿ ಅಂಗಡಿ ಸ್ಪಂಜು ಕೊಯ್ದು ಹೊಲದೆ.
ಮುನ್ನೂರು ಕೊಟ್ರು. ತಗೊಂಡೆ.

ಗುಡ್ಡದ ಬಂಡಿ ಮ್ಯಾಲ ನಿಂತು ನಿಂತು
ಸ್ಪಂಜಿನೊಳಗ ಬೆವತ ಹುಡುಗಿ
ಹುಕ್ಕು ಬಿಚ್ಚುವಾಗ ಕಿವಿಯಾಗ ಕೇಳಿತು:
‘ಅಕ್ಕಾ, ಒಂದು ರೊಟ್ಟಿ ಐತೇನು?
ಉಂಡ್ರ ಹೊಟ್ಟಿ ಕಾಣತದಂತ,
ಮುಂಜಾನಿಂದ ಬರೇ ನೀರು.’
ಶೇಂಗಾ ಚಟ್ನಿ ಹಚ್ಚಿ ಕೊಟ್ಟೆ,
ಕದ ಹಾಕಿ.

ತಿಂಗಳಾದ ಮ್ಯಾಲ ರುದ್ರವ್ವ ಟೀಚರ್ ಬಂದ್ರು,
ಮೊಬೈಲಿನಾಗ ಅದ ಫೋಟೋ.
‘ದಪ್ಪ ಅಂದ್ರ ಹಿಂಗಿರಬೇಕ ನೋಡು.
ನನಗ ದಪ್ಪ ಆಗೂದೂ
ನೆಟ್ಟಗ ಬರಲಿಲ್ಲ.’

ನಲವತ್ತಾರು, ನಲವತ್ತನಾಲ್ಕು.
‘ಸಣ್ಣಗ ಹೇಳ’ ಅಂದ್ರು, ‘ಹೊರಗ ಮಂದಿ ಅದಾರ.’

ಉಳದ ಸ್ಪಂಜಿನ ತುಂಡಿಗೆ ಸೂಜಿ ಚುಚ್ಚಿ ಇಟ್ಟಿದ್ದೆ.
ಒಂದೊಂದ ಸೂಜಿ ಕಿತ್ತು
ಅವರ ಕೈಯಾಗ ಇಟ್ಟೆ:
‘ಫೋಟೋದಾಗ ಇರೂದು ಇದು, ಟೀಚರ್.
ನಾನ ಹೊಲದದ್ದು.’

ಹಿಚುಕಿದ್ರು. ಉಬ್ಬಿತು.
ನನ್ನ ಮುಖ ನೋಡಿದ್ರು.
ಮತ್ತ ಹಿಚುಕಿದ್ರು.